ಒಣಗುವುದೂ ಈ ಕೆರೆಯ ಕೆಲಸ

(ಬಾಗಲಕೋಟೆಯಲ್ಲಿ ಪಕ್ಷಿ ಆಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಬನಶಂಕರಿಯಿಂದಲೇ ಶುರು ಮಾಡುತ್ತೇನೆ. ಜಾತ್ರೆಗೆ ಮೊದಲು ಪಲ್ಲೇದ ಹಬ್ಬದ ದಿನ ಅಮ್ಮನಿಗೆ ನೂರೆಂಟು ಬಗೆಯ ಕಾಯಿಪಲ್ಲೆ ನೈವೇದ್ಯ ಆಗುತ್ತದೆ, ಅಲ್ವಾ? ಬರಗಾಲದಲ್ಲಿ ಸೊಪ್ಪು, ತರಕಾರಿ ಕೊಟ್ಟು ಜನರನ್ನು ಸಾಕಿದ ತಾಯಿ ಅನ್ನುವುದಕ್ಕೇ ಅವಳಿಗೆ ಶಾಕಂಭರಿ ಅಂತ ಹೆಸರು. ಅದೇ ಶಾಕಂಭರಿಗೆ ರಾಜಸ್ಥಾನದಲ್ಲೂ ಒಂದು ಗುಡಿ ಇದೆ. ಜೈಪುರದಿಂದ ಸುಮಾರು 80 ಕಿಲೋಮೀಟರ್ ದೂರ. ಆದರೆ ಗುಡಿಯ ಮೆಟ್ಟಿಲ ಮೇಲೆ ನಿಂತು ನೋಡಿದರೆ ಕಣ್ಣು ಹಾಯುವಷ್ಟು ದೂರ ಒಂದು ಹುಲ್ಲುಕಡ್ಡಿಯೂ ಕಾಣುವುದಿಲ್ಲ. ಬರೀ ಬಿಳಿ. ಅದು ಸಾಂಭರ್ ಕೆರೆ. ಸಾಂಭರ್ ಅನ್ನುವ ಹೆಸರೂ ಶಾಕಂಭರಿಯಿಂದಲೇ ಬಂದದ್ದು ಅನ್ನುತ್ತಾರೆ.

ಕಾಯಿಪಲ್ಲೆ ಕೊಡುವ ತಾಯಿ ಉಪ್ಪಿನ ಬಯಲಲ್ಲಿ ಯಾಕೆ ಕೂತಳು? ಅಲ್ಲಿನವರು ಒಂದು ಕತೆ ಹೇಳುತ್ತಾರೆ. ದೇವಿ ಭಕ್ತರಿಗೆ ಮೆಚ್ಚಿ ಕಾಡನ್ನೆಲ್ಲ ಬೆಳ್ಳಿಯ ಬಯಲು ಮಾಡಿಬಿಟ್ಟಳಂತೆ. ಜನ ಗಾಬರಿ ಬಿದ್ದರು. ಇಷ್ಟು ಬೆಳ್ಳಿ ಇದ್ದರೆ ಊರ ಮೇಲೆ ದಂಡು ಬರುತ್ತದೆ, ನಮ್ಮನಮ್ಮಲ್ಲೇ ಹೊಡೆದಾಟ ಆಗುತ್ತದೆ, ಬೇಡ ತಾಯಿ, ಹಿಂದಕ್ಕೆ ತಗೋ ಅಂದರು. ದೇವಿ ಬೆಳ್ಳಿಯನ್ನು ಉಪ್ಪಾಗಿಸಿದಳು. ನನಗೆ ಈ ಕತೆ ತುಂಬ ಇಷ್ಟ. ಹಾಳುಭೂಮಿ ಅಂತ ನಾವು ಮೂಗು ಮುರಿಯುವ ಜಾಗವನ್ನು ಅಲ್ಲಿನವರು ವರ ಅಂತ ತಿಳಿದಿದ್ದಾರೆ. ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ.

ಇನ್ನು ನಿಮ್ಮ ಹೊಲಕ್ಕೆ ಬರೋಣ. ಇಲ್ಲಿ ಕೂತವರಲ್ಲಿ ಎಷ್ಟೋ ಜನರ ಜಮೀನು ಸವಳು ಹಿಡಿದಿರಬಹುದು. ಕಾಲುವೆ ಬಂತು, ಕಬ್ಬಿಗೆ ಜಾಸ್ತಿ ನೀರು ಬಿಟ್ಟೆವು, ಅದು ಬಸಿದು ಹೋಗಲು ದಾರಿ ಇರಲಿಲ್ಲ. ಬಿಸಿಲಿಗೆ ನೀರು ಆರಿತು, ನೀರಲ್ಲಿದ್ದ ಉಪ್ಪು ಮೇಲೆ ಉಳಿಯಿತು. ಸಾಂಭರ್‌ನಲ್ಲಿ ಆಗಿರುವುದೂ ಅದೇ. ಸುತ್ತಲಿನ ಸಾವಿರಾರು ಚದರ ಕಿಲೋಮೀಟರ್ ನೆಲದ ಮಳೆನೀರು ಮೇಂಢಾ, ರೂಪನಗಢದಂಥ ಹಳ್ಳಗಳಲ್ಲಿ ಹರಿದು ಆ ತಗ್ಗಿಗೆ ಬಂದು ಸೇರುತ್ತದೆ. ಒಳಗೆ ಬರಲು ದಾರಿ ಇದೆ, ಹೊರಗೆ ಹೋಗಲು ಇಲ್ಲ. ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರ್ ಸುಮಾರು. ನಿಮ್ಮೂರಿಗಿಂತ ತುಂಬ ಕಡಿಮೆ ಏನಲ್ಲ. ಆದರೆ ಆ ಬಿಸಿಲಿಗೆ ಆರುವ ನೀರು ಬೀಳುವ ಮಳೆಯ ಹಲವು ಪಟ್ಟು. ಸಾವಿರಾರು ವರ್ಷ ಹೀಗೇ ನಡೆದು ಒಂದು ಸವಳು ಕೆರೆಯಾಗಿದೆ. ವ್ಯತ್ಯಾಸ ಇಷ್ಟೇ: ನಿಮ್ಮ ಹೊಲದ ಸವಳು ನಲವತ್ತು ಐವತ್ತು ವರ್ಷದ್ದು, ಅದಕ್ಕೆ ಹೊಂದಿಕೊಳ್ಳಲು ಯಾವ ಜೀವಕ್ಕೂ ಪುರುಸೊತ್ತು ಸಿಕ್ಕಿಲ್ಲ. ಸಾಂಭರ್‌ನ ಸವಳಿಗೆ ಹೊಂದಿಕೊಂಡು ಒಂದು ಲೋಕವೇ ಬೆಳೆದಿದೆ.

ಈ ಉಪ್ಪು ಎಲ್ಲಿಂದ ಬಂತು ಅನ್ನುವ ಬಗ್ಗೆ ಒಂದು ಚಂದದ ವಾದ ಇತ್ತು, ಹೇಳಿಬಿಡುತ್ತೇನೆ. 1909ರಲ್ಲಿ ಹಾಲೆಂಡ್ ಮತ್ತು ಕ್ರಿಸ್ಟಿ ಎಂಬ ಇಬ್ಬರು ವಿಜ್ಞಾನಿಗಳು ಇದು ಗಾಳಿ ತಂದ ಉಪ್ಪು ಅಂದರು. ಬೇಸಿಗೆಯಲ್ಲಿ ಕಛ್‌ನ ರಣ್ ಎಂಬ ಗುಜರಾತಿನ ಉಪ್ಪಿನ ಬಯಲಿನ ಕಡೆಯಿಂದ ಬೀಸುವ ಬಿರುಗಾಳಿ ಉಪ್ಪಿನ ಧೂಳನ್ನು ಹೊತ್ತು ತಂದು ರಾಜಸ್ಥಾನದಲ್ಲಿ ಸುರಿಯುತ್ತದೆ, ಮಳೆ ಅದನ್ನು ತೊಳೆದು ತಗ್ಗಿಗೆ ತರುತ್ತದೆ ಅಂತ. ಆಮೇಲಿನ ಅಧ್ಯಯನಗಳು ಸುತ್ತಲಿನ ಬಂಡೆ, ಮಣ್ಣು ಕರಗಿ ಬಂದ ಉಪ್ಪಿನ ಕಡೆಗೇ ಹೆಚ್ಚು ಒಲಿದಿವೆ. ಆದರೂ ರಣ್‌ಗೂ ಸಾಂಭರ್‌ಗೂ ನೆಂಟಸ್ತಿಕೆ ಇದೆ. ಅದನ್ನು ಮಾಡಿಸಿಕೊಟ್ಟಿರುವುದು ಹಕ್ಕಿಗಳು. ಮುಂದೆ ಬರುತ್ತೇನೆ.

ನಾನು ಮೊದಲ ಸಲ ಸಾಂಭರ್‌ಗೆ ಹೋದದ್ದು ಮೇ ತಿಂಗಳಲ್ಲಿ. ಕೆರೆ ನೋಡಲು ಹೋಗಿ ನೀರೇ ಕಾಣಲಿಲ್ಲ. ಅಂಚಿನಿಂದ ಒಳಗೆ ನಡೆದೆ. ಮೊದಲು ಬಿರುಕು ಬಿಟ್ಟ ಬೂದು ಮಣ್ಣು. ಆಮೇಲೆ ಹಪ್ಪಳದಂಥ ಬಿಳಿ ಪದರ. ಕಾಲಿಟ್ಟರೆ ಚರ್‌ ಅಂತ ಒಡೆಯುತ್ತದೆ. ಒಡೆದ ಪದರದ ಅಡಿಯಲ್ಲಿ ಕರೀ ಕೆಸರು, ಕೊಳೆತ ಮೊಟ್ಟೆಯ ವಾಸನೆ. ಚಪ್ಪಲಿ ಹೂತುಹೋಯಿತು, ಹಿಂದಕ್ಕೆ ಬಂದೆ. ಸತ್ತ ಕೆರೆ ಅಂತ ಮನಸ್ಸಿಗೆ ತುಂಬ ಬೇಜಾರಾಯಿತು. ಎರಡನೇ ಸಲ ಜನವರಿಯಲ್ಲಿ ಹೋದೆ. ಅದೇ ಜಾಗದಲ್ಲಿ ಮೊಣಕಾಲಿಗಿಂತ ಕೆಳಗಿನ ನೀರು. ಬೆಳಗಿನ ಮಂಜಿನಲ್ಲಿ ಅದರ ತುಂಬ ನಸುಗೆಂಪು ಚುಕ್ಕೆಗಳು. ಸಾವಿರಾರು ರಾಜಹಂಸ, ಅಂದರೆ ಫ್ಲೆಮಿಂಗೊ. ಮೇ ತಿಂಗಳಲ್ಲಿ ನಾನು ಸತ್ತಿದೆ ಅಂದುಕೊಂಡ ಕೆರೆ ಉಸಿರು ಬಿಗಿಹಿಡಿದು ಕೂತಿತ್ತು, ಅಷ್ಟೇ.

ಹೇಗೆ ಅಂತ ಹೇಳುತ್ತೇನೆ. ಆರ್ಟೀಮಿಯಾ ಅಂತ ಒಂದು ಸಣ್ಣ ಸಿಗಡಿ ಇದೆ, ಉದ್ದ ಒಂದು ಸೆಂಟಿಮೀಟರ್ ಆದರೆ ಹೆಚ್ಚು. ನೀರು ಆರಿ ಉಪ್ಪು ಏರುತ್ತಿದ್ದಂತೆ ಅದು ಗಟ್ಟಿ ಸಿಪ್ಪೆಯ ಮೊಟ್ಟೆ ಇಡುತ್ತದೆ. ನೋಡಲು ಕಂದು ಪುಡಿ, ನಶ್ಯದ ಹಾಗೆ. ಒಣಗಿದ ಮಣ್ಣಲ್ಲಿ ಆ ಪುಡಿ ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತದೆ. ಮಳೆ ಬಂದು ನೀರು ತಾಕಿದರೆ ಒಂದೆರಡು ದಿನದಲ್ಲಿ ಮರಿ. ಅಕ್ವೇರಿಯಂ ಅಂಗಡಿಯಲ್ಲಿ ಮೀನುಮರಿಗಳ ಆಹಾರ ಅಂತ ಇದನ್ನು ಡಬ್ಬಿಯಲ್ಲಿ ಮಾರುತ್ತಾರೆ, ಬೇಕಾದರೆ ಮನೆಯಲ್ಲೇ ನೋಡಬಹುದು.

ಇನ್ನೊಂದು ಜೀವ ಡ್ಯುನಾಲಿಯೆಲ್ಲಾ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಅದರ ಕಷ್ಟ ಏನು ಅಂತ ತಿಳಿಯಲು ಉಪ್ಪಿನಕಾಯಿ ನೆನಪಿಸಿಕೊಳ್ಳಿ. ಮಾವಿನ ಹೋಳಿಗೆ ಉಪ್ಪು ಸವರಿ ರಾತ್ರಿ ಭರಣಿಯಲ್ಲಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಹೋಳು ನೀರು ಬಿಟ್ಟು ಮುದುಡಿರುತ್ತದೆ. ಉಪ್ಪು ಯಾವ ಜೀವಕೋಶದಿಂದಲೂ ಹಾಗೇ ನೀರನ್ನು ಎಳೆಯುತ್ತದೆ. ಈ ಪಾಚಿ ತನ್ನೊಳಗೆ ಗ್ಲಿಸರಿನ್ ತುಂಬಿಕೊಂಡು ಆ ಎಳೆತವನ್ನು ಸರಿದೂಗಿಸುತ್ತದೆ. ಬಿಸಿಲಿನ ಹೊಡೆತ ತಡೆಯಲು ಕ್ಯಾರೆಟ್‌ನಲ್ಲಿರುವಂಥದೇ ಕೇಸರಿ ಬಣ್ಣ ಮಾಡಿಕೊಳ್ಳುತ್ತದೆ. ಉಪ್ಪು ಇನ್ನೂ ಏರಿದಾಗ ಉಪ್ಪುಪ್ರಿಯ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ, ಅವುಗಳದ್ದೂ ಕೆಂಪು ಬಣ್ಣವೇ. ಅದಕ್ಕೇ ಸಾಂಭರ್‌ನಲ್ಲಿ ಉಪ್ಪಿನ ಮಡಿಗಳು ಒಂದೊಂದು ಒಂದೊಂದು ಬಣ್ಣ. ಒಂದು ಹಸಿರು, ಪಕ್ಕದ್ದು ಕೇಸರಿ, ಅದರಾಚೆ ಬೀಟ್‌ರೂಟ್ ಬೇಯಿಸಿದ ನೀರು. ಬಣ್ಣ ನೋಡಿಯೇ ಅಲ್ಲಿನ ಕೆಲಸಗಾರರು ನೀರು ಎಷ್ಟು ಗಟ್ಟಿಯಾಗಿದೆ ಅಂತ ಅಂದಾಜು ಮಾಡುತ್ತಾರೆ.

ಈ ಬಣ್ಣವೇ ರಾಜಹಂಸಕ್ಕೂ ಹೋಗುವುದು. ಅದರ ಮರಿ ಹುಟ್ಟುವಾಗ ಬೂದು ಬಣ್ಣ. ಪಾಚಿ, ಸಿಗಡಿ ತಿಂದು ತಿಂದು ಗುಲಾಬಿಯಾಗುತ್ತದೆ. ಅದು ತಿನ್ನುವುದನ್ನು ದುರ್ಬೀನಿನಲ್ಲಿ ಒಂದು ಗಂಟೆ ಕೂತು ನೋಡಿದ್ದೇನೆ. ಕತ್ತನ್ನು ಬಗ್ಗಿಸಿ ಕೊಕ್ಕನ್ನು ತಲೆಕೆಳಗಾಗಿ ನೀರಿಗೆ ಇಡುತ್ತದೆ. ಮೇಲಿನ ಕೊಕ್ಕು ಕೆಳಗೆ, ಕೆಳಗಿನದು ಮೇಲೆ. ನಾಲಿಗೆ ಪಂಪಿನ ಹಾಗೆ ಹಿಂದೆ ಮುಂದೆ ಆಡಿ ನೀರು ಎಳೆದು ಹೊರಗೆ ಚೆಲ್ಲುತ್ತದೆ. ಕೊಕ್ಕಿನ ಅಂಚಿನ ಸಾಲು ಎಳೆಗಳಲ್ಲಿ ಊಟ ಸಿಕ್ಕಿಬೀಳುತ್ತದೆ. ಥೇಟ್ ಚಹಾ ಸೋಸಿದ ಹಾಗೆ. ನಮ್ಮಲ್ಲಿರುವುದು ಎರಡು ಜಾತಿ. ದೊಡ್ಡ ರಾಜಹಂಸದ ಜರಡಿ ದಪ್ಪ, ಅದು ಸಿಗಡಿ, ಹುಳು, ಬೀಜ ಹಿಡಿಯುತ್ತದೆ. ಕಿರು ರಾಜಹಂಸದ ಜರಡಿ ತುಂಬ ನಯ, ಅದಕ್ಕೆ ಸ್ಪಿರುಲಿನಾದಂಥ ಪಾಚಿಯೇ ಮುಖ್ಯ ಊಟ. ಹೀಗಾಗಿ ಎರಡೂ ಒಂದೇ ಕೆರೆಯಲ್ಲಿ ಜಗಳ ಇಲ್ಲದೆ ಉಣ್ಣುತ್ತವೆ. ದೇಹಕ್ಕೆ ಸೇರಿದ ಹೆಚ್ಚಿನ ಉಪ್ಪನ್ನು ಹೊರಹಾಕಲು ಕಣ್ಣಿನ ಬಳಿ ಗ್ರಂಥಿ ಇದೆ, ಉಪ್ಪುನೀರು ಮೂಗಿನ ಹೊಳ್ಳೆಯಿಂದ ತೊಟ್ಟಿಕ್ಕುತ್ತದೆ.

ಒಂದು ಮಾತು ಗಮನಿಸಿ. ಈ ಹಕ್ಕಿಗೆ ಬೇಕಾದದ್ದು ಆಳದ ನೀರಲ್ಲ. ಕಾಲು ಮುಳುಗುವಷ್ಟು ತೆಳು ನೀರು, ಅದೂ ಉಪ್ಪುನೀರು. ಕೆರೆ ಉಳಿಸಬೇಕು ಅಂದ ತಕ್ಷಣ ನಮಗೆ ಹೊಳೆಯುವುದು ಹೂಳೆತ್ತುವುದು. ನಮ್ಮ ಊರ ಕೆರೆಗೆ ಅದು ಸರಿ. ಸಾಂಭರ್‌ಗೆ ಜೆಸಿಬಿ ಇಳಿಸಿ ಹೂಳೆತ್ತಿದರೆ ಕೆರೆಯ ಕತೆ ಮುಗಿದ ಹಾಗೆ. ಆ ಹೂಳಲ್ಲೇ ಮೊಟ್ಟೆ ಇದೆ, ಆ ತೆಳುವಿನಲ್ಲೇ ಊಟ ಇದೆ.

ಕಿರು ರಾಜಹಂಸ ಗೂಡು ಕಟ್ಟುವ ಜಾಗಗಳು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಟಾಂಜಾನಿಯಾದ ನೇಟ್ರಾನ್ ಕೆರೆ, ಬೋಟ್ಸ್‌ವಾನಾದ ಸುವಾ, ನಮೀಬಿಯಾದ ಇಟೋಶಾ, ಹೀಗೆ ಕೆಲವು. ಅವುಗಳ ಸಾಲಿನಲ್ಲಿ ನಮ್ಮ ಕಛ್‌ನ ರಣ್ ಇದೆ. ದೊಡ್ಡ ರಾಜಹಂಸಗಳೂ ಅಲ್ಲೇ ಲಕ್ಷಗಟ್ಟಲೆ ಸೇರಿ ಗೂಡು ಕಟ್ಟುವುದುಂಟು. ಆ ಜಾಗಕ್ಕೆ ಫ್ಲೆಮಿಂಗೊ ಸಿಟಿ ಅಂತಲೇ ಹೆಸರು. ಪಕ್ಷಿತಜ್ಞ ಸಲೀಂ ಅಲಿಯವರು 1945ರಲ್ಲಿ ಅಲ್ಲಿಗೆ ಹೋಗಿ ನೋಡಿ ಬಂದಿದ್ದರು. ಗೂಡು ಅಂದರೆ ಕೆಸರಿನ ಗುಪ್ಪೆ, ತುದಿಯಲ್ಲಿ ಒಂದು ತಗ್ಗು, ಅದರಲ್ಲಿ ಸಾಮಾನ್ಯವಾಗಿ ಒಂದೇ ಮೊಟ್ಟೆ. ಸುತ್ತ ನೀರು ಇರಬೇಕು, ನರಿ ತೋಳ ಬರಬಾರದು. ಆದರೆ ನೀರು ಜಾಸ್ತಿಯಾದರೆ ಗುಪ್ಪೆ ಕರಗುತ್ತದೆ, ಕಡಿಮೆಯಾದರೆ ನರಿ ನಡೆದುಕೊಂಡೇ ಬರುತ್ತದೆ. ಎಲ್ಲ ವರ್ಷವೂ ಈ ಅಳತೆ ಕೂಡಿಬರುವುದಿಲ್ಲ. ಕೂಡಿಬಂದ ವರ್ಷ ಗೂಡು, ಇಲ್ಲದಿದ್ದರೆ ಇಲ್ಲ. ರಾಜಹಂಸ ಬಹಳ ವರ್ಷ ಬದುಕುವ ಹಕ್ಕಿ, ಕಾಯುತ್ತದೆ. ರಣ್ ಕೈಕೊಟ್ಟ ವರ್ಷ ಹೊಟ್ಟೆಗೆ ಸಾಂಭರ್ ಬೇಕು. ಸಾಂಭರ್ ಒಣಗಿದಾಗ ಇನ್ನೊಂದು ಕಡೆ ನೀರಿರಬೇಕು. ಒಂದು ಕೆರೆ ಉಳಿಸಿದರೆ ಸಾಲದು ಅನ್ನುವುದು ಇದಕ್ಕೇ.

ಈಗ ಮನುಷ್ಯರ ವಿಷಯ. ಈ ಪೊಟ್ಟಣದಲ್ಲಿ ಸಾಂಭರ್ ಪೇಟೆಯಲ್ಲಿ ಕೊಂಡ ಉಪ್ಪಿದೆ. ಕೈಯಿಂದ ಕೈಗೆ ದಾಟಿಸಿ. ಒಂದು ಹರಳು ಅಂಗೈಯಲ್ಲಿ ಇಟ್ಟು ನೋಡಿ. ಅಂಚು ಚೌಕ, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗುಳಿ, ಎಲ್ಲೋ ಒಂದು ಕಡೆ ನಸುಗೆಂಪು ಛಾಯೆ. ಆ ಕೆಂಪು ನಾನು ಹೇಳಿದ ಸೂಕ್ಷ್ಮಜೀವಿಗಳದ್ದು. ಅಲ್ಲಿ ಉಪ್ಪಿನ ಮಡಿಗೆ ಕ್ಯಾರ್ ಅನ್ನುತ್ತಾರೆ. ಕೆರೆಗೆ ಅಡ್ಡಲಾಗಿ 5.1 ಕಿಲೋಮೀಟರ್ ಉದ್ದದ ಒಡ್ಡು ಇದೆ. ಪಶ್ಚಿಮಕ್ಕೆ ತೆರೆದ ಕೆರೆ, ಪೂರ್ವಕ್ಕೆ ಕ್ಯಾರ್‌ಗಳು. ಪಶ್ಚಿಮದ ನೀರು ಬಿಸಿಲಿಗೆ ಗಟ್ಟಿಯಾದ ಮೇಲೆ ಅದನ್ನು ಪೂರ್ವಕ್ಕೆ ಎತ್ತಿ ಬಿಡುತ್ತಾರೆ. ಉಪ್ಪು ಹರಳುಗಟ್ಟಿದ ಮೇಲೆ ಕೆರೆದು ರಾಶಿ ಹಾಕುತ್ತಾರೆ. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಅನ್ನುವ ಲೆಕ್ಕ ಇದೆ.

ಇಲ್ಲೊಂದು ಇತಿಹಾಸದ ವಿಷಯ ಹೇಳಲೇಬೇಕು. 1870ರಲ್ಲಿ ಬ್ರಿಟಿಷ್ ಸರ್ಕಾರ ಜೈಪುರ, ಜೋಧಪುರ ಸಂಸ್ಥಾನಗಳಿಂದ ಈ ಕೆರೆಯನ್ನು ಗುತ್ತಿಗೆ ಹಿಡಿಯಿತು. ಉಪ್ಪಿನ ಮೇಲಿನ ಸುಂಕಕ್ಕಾಗಿ. ಆ ಕಾಲದಲ್ಲಿ ಉಪ್ಪಿನ ಸುಂಕದ ಇಲಾಖೆ ನೋಡಿಕೊಂಡು ಈ ಸಂಸ್ಥಾನಗಳ ಜೊತೆ ಮಾತುಕತೆ ನಡೆಸಿದ ಅಧಿಕಾರಿ ಎ. ಒ. ಹ್ಯೂಮ್. 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬರು, ಅವರೇ. ಭಾರತದ ಹಕ್ಕಿಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದವರೂ ಅವರೇ. ಅದೇ ಇಲಾಖೆಯ ಆಡಂ ಎಂಬ ಅಧಿಕಾರಿ 1873ರಲ್ಲಿ ಸಾಂಭರ್ ಹಕ್ಕಿಗಳ ಮೊದಲ ದೊಡ್ಡ ಪಟ್ಟಿ ಪ್ರಕಟಿಸಿದರು. ಬಡವರ ಉಪ್ಪಿನ ಮೇಲೆ ಸುಂಕ ಹಾಕಲು ಬಂದ ಇಲಾಖೆಯಿಂದಲೇ ನಮಗೆ ಆ ಕೆರೆಯ ಹಕ್ಕಿಗಳ ಹಳೆಯ ದಾಖಲೆ ಸಿಕ್ಕಿದೆ. ಸುಂಕ ಅನ್ಯಾಯವೇ. ಪಟ್ಟಿ ಮಾತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ.

ಉಪ್ಪು ಮಾಡುವುದರಿಂದಲೇ ಕೆರೆ ಹಾಳಾಯಿತು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಾಂಭರ್‌ನಲ್ಲಿ ಉಪ್ಪು ತೆಗೆಯುತ್ತಾ ಶತಮಾನಗಳೇ ಆದವು, ಹಕ್ಕಿ ಬರುತ್ತಲೇ ಇದ್ದವು. ಕಛ್‌ನ ಸಣ್ಣ ರಣ್‌ಗೆ ಹೋಗಿ ನೋಡಿ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಮಳೆನೀರು ಇಳಿದ ಮೇಲೆ ಅಗರಿಯಾ ಜನ ಹೆಂಡತಿ ಮಕ್ಕಳ ಸಮೇತ ರಣ್ ಒಳಗೆ ಹೋಗುತ್ತಾರೆ. ಆಗರ ಅನ್ನುವ ಮಾತು ನಮ್ಮದೂ ಹೌದು. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ, ಉಪ್ಪು ತೆಗೆಯುವ ಆಗೇರರು ಇದ್ದಾರೆ. ಅಗರಿಯಾ ಅಂದರೂ ಆಗರದವರು ಅಂತಲೇ.

ಅಗರಿಯಾ ಕುಟುಂಬ ಬಾವಿ ತೋಡುತ್ತದೆ. ಅದರಲ್ಲಿ ಬರುವುದು ಸಮುದ್ರಕ್ಕಿಂತ ಎಷ್ಟೋ ಪಟ್ಟು ಉಪ್ಪಾದ ನೀರು. ಮಡಿಯ ನೆಲವನ್ನು ಗಂಡ, ಹೆಂಡತಿ ಸೇರಿ ದಿನಗಟ್ಟಲೆ ಬರಿಗಾಲಲ್ಲಿ ತುಳಿದು ಗಟ್ಟಿ ಮಾಡುತ್ತಾರೆ, ನೀರು ಇಂಗಬಾರದು. ಆಮೇಲೆ ನೀರು ಕಟ್ಟಿ, ಹರಳು ಕೂಡಿಕೊಳ್ಳದಂತೆ ದಿನಾ ಮರದ ಹಲ್ಲುಕುಂಟೆ ಎಳೆಯಬೇಕು. ಮಾರ್ಚ್ ಏಪ್ರಿಲ್ ತನಕ. ನಾನು ನೋಡಿದ ಒಬ್ಬ ಹೆಂಗಸಿನ ಪಾದದ ಚರ್ಮ ಒಣಗಿದ ತೊಗಟೆ ಹಾಗಾಗಿತ್ತು. ಅಗರಿಯಾ ಸತ್ತರೆ ಚಿತೆಯಲ್ಲಿ ಎಲ್ಲ ಉರಿದರೂ ಪಾದ ಉರಿಯುವುದಿಲ್ಲ ಅಂತ ಅಲ್ಲಿ ಹೇಳುತ್ತಾರೆ. ದೇಶದ ಉಪ್ಪಿನಲ್ಲಿ ಮುಕ್ಕಾಲು ಪಾಲು ಗುಜರಾತಿನದು. ಅದರಲ್ಲಿ ಇವರ ಪಾದದ ಪಾಲೂ ಇದೆ. ಆದರೆ ತಾವು ತಲೆಮಾರುಗಳಿಂದ ದುಡಿದ ನೆಲದ ಮೇಲೆ ಅವರಿಗೆ ಪಟ್ಟಾ ಇಲ್ಲ.

ಅದೇ ಸಣ್ಣ ರಣ್ ಕಾಡುಕತ್ತೆಗಳ ಅಭಯಾರಣ್ಯ ಕೂಡ. ಹತ್ತಿರ ಹತ್ತಿರ 5,000 ಚದರ ಕಿಲೋಮೀಟರ್. 1960ರ ದಶಕದಲ್ಲಿ ರೋಗ ಬಂದು ಕಾಡುಕತ್ತೆಗಳ ಸಂತತಿ ನಶಿಸುವ ಸ್ಥಿತಿಗೆ ಬಂದಿತ್ತು. 1969ರ ಎಣಿಕೆಯಲ್ಲಿ ಸಿಕ್ಕದ್ದು 362. 2024ರಲ್ಲಿ 7,672. ಈ ಏರಿಕೆಯೆಲ್ಲ ಆದದ್ದು ಅಗರಿಯಾಗಳು ಅಲ್ಲೇ ಇದ್ದಾಗ. ಜನರನ್ನು ಹೊರಗೆ ಹಾಕಿದರೇ ಪ್ರಾಣಿ ಉಳಿಯುವುದು ಅನ್ನುವವರು ಈ ಎರಡು ಅಂಕಿ ನೋಡಬೇಕು.

ಹಾಗಾದರೆ ಕೆಡುಕು ಎಲ್ಲಿಂದ? ಸಾಂಭರ್‌ಗೆ ವಾಪಸ್ ಬನ್ನಿ. ಕೆರೆಗೆ ಬರುವ ಹಳ್ಳಗಳಿಗೆ ಮೇಲ್ಭಾಗದಲ್ಲಿ ಚೆಕ್‌ಡ್ಯಾಂ, ಒಡ್ಡು, ಕೃಷಿಹೊಂಡಗಳು ಬಂದವು. ಇದನ್ನು ಹೇಳಲು ನನಗೆ ಸಂಕಟ ಆಗುತ್ತದೆ. ಕೆರೆ ಕಟ್ಟಿಸುವುದು ಪುಣ್ಯದ ಕೆಲಸ ಅಂತಲೇ ಬೆಳೆದವರು ನಾವು. ಅಲ್ಲಿನ ರೈತ ಹಳ್ಳದ ನೀರು ಸುಮ್ನೆ ಉಪ್ಪಿನ ಪಾಲಾಗುತ್ತಿದೆ ಅಂದುಕೊಂಡು ತಡೆದರೆ ಅವನದೇನು ತಪ್ಪು? ಆದರೆ ಕೆರೆಯ ಕಡೆಯಿಂದ ನೋಡಿದರೆ ಬರುವ ನೀರು ತುಂಬ ಕಡಿಮೆಯಾಯಿತು. ಒಣಗುವುದು ಆ ಕೆರೆಯ ಕೆಲಸ, ನಿಜ. ಆದರೆ ತುಂಬಿ ಒಣಗುವುದು ಬೇರೆ, ತುಂಬದೇ ಒಣಗುವುದು ಬೇರೆ.

ಎರಡನೆಯದು ಬೋರ್‌ವೆಲ್. ಕೆರೆಯ ಅಂಗಳದಲ್ಲೇ, ಅದರ ಅಂಚಿನಲ್ಲೇ ಅಕ್ರಮವಾಗಿ ಬೋರ್ ಕೊರೆದು ನೆಲದಡಿಯ ಉಪ್ಪುನೀರು ಎತ್ತಿ ಖಾಸಗಿಯಾಗಿ ಉಪ್ಪು ಮಾಡುವ ದಂಧೆ. ಕಿಲೋಮೀಟರ್‌ಗಟ್ಟಲೆ ಪೈಪು, ಕೆಸರಿನ ಮೇಲೆ ಹಾಸಿದ ಕರೆಂಟಿನ ವೈರು. ಕ್ಯಾರ್‌ನವರು ಬಿಸಿಲು ಗಟ್ಟಿ ಮಾಡಿಕೊಟ್ಟ ನೀರನ್ನು ಬಳಸುತ್ತಾರೆ, ಮಳೆ ಎಷ್ಟು ಬಂತೋ ಅಷ್ಟು. ಬೋರಿನವರಿಗೆ ಅಂಥ ಮಿತಿ ಇಲ್ಲ. ನೆಲದಡಿಯ ತೇವ ಹೋದರೆ ಮೇಲಿನ ಕೆಸರೂ ಧೂಳಾಗುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇವನ್ನು ತೆಗೆಸಲು ಆದೇಶ ಮಾಡಿತು. ತೆಗೆದ ಬೋರು ಮತ್ತೆ ಬರುವುದು ಎಷ್ಟು ಸುಲಭ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಉಪ್ಪುಕೆರೆ ಧೂಳಾದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಓವೆನ್ಸ್ ಕೆರೆ ಸಾಕ್ಷಿ. 1913ರಿಂದ ಅದಕ್ಕೆ ಬರುವ ನದಿಯನ್ನು ಲಾಸ್ ಏಂಜಲಿಸ್ ನಗರಕ್ಕೆ ತಿರುಗಿಸಿದರು. ಕೆಲವೇ ವರ್ಷಗಳಲ್ಲಿ ಕೆರೆ ಒಣಗಿತು. ಆಮೇಲೆ ಎದ್ದ ಧೂಳನ್ನು ಅಡಗಿಸಲು ಇವತ್ತಿಗೂ ಆ ನಗರ ನೀರು ಚಿಮುಕಿಸುತ್ತಾ ಹಣ ಸುರಿಯುತ್ತಿದೆ.

ಇನ್ನು ಬಳ್ಳಾರಿ ಜಾಲಿ. ನಮ್ಮ ಊರಿನ ಹೆಸರು ಅದಕ್ಕೆ ಅಂಟಿದೆ, ಆದರೆ ಅದು ಅಮೆರಿಕ ಖಂಡದಿಂದ ಬಂದ ಗಿಡ. ಉಪ್ಪಿನ ಮರಳುಗಾಡು ಹರಡದಿರಲಿ ಅಂತ 1960ರ ಸುಮಾರಿಗೆ ಕಛ್‌ನ ಬನ್ನಿ ಹುಲ್ಲುಗಾವಲಿನ ಅಂಚಿನಲ್ಲಿ ನೆಟ್ಟರು. ಗುಜರಾತಿನಲ್ಲಿ ಅದಕ್ಕೆ ಗಾಂಡೋ ಬಾವಳ್ ಅನ್ನುತ್ತಾರೆ, ಹುಚ್ಚು ಜಾಲಿ ಅಂತ. ಹೆಸರಿಗೆ ತಕ್ಕ ಹಾಗೆ ಬನ್ನಿಯನ್ನೇ ನುಂಗಿತು. ಕಾಡುಕತ್ತೆ ಅದರ ಕಾಯಿ ತಿಂದು ಲದ್ದಿಯಲ್ಲಿ ಬೀಜ ಹರಡುತ್ತದೆ. ಸಾಂಭರ್ ಅಂಚಿನಲ್ಲೂ ಈಗ ಅದೇ. ಸವಳು ನೆಲಕ್ಕೆ ಅದರದೇ ಗಿಡಗಳಿದ್ದವು, ಮೊರಸ್‌ನಂಥ ರಸ ತುಂಬಿದ ಎಲೆಯ ಪೊದೆಗಳು, ಪೀಲು ಮರ. ಖಾಲಿ ಜಾಗ ಅಂತ ಕಂಡಲ್ಲಿ ಗಿಡ ನೆಡುವ ಮೊದಲು ಅದು ನಿಜವಾಗಿ ಖಾಲಿಯೇ ಅಂತ ಕೇಳಬೇಕಿತ್ತು.

2019ರ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಆ ವರ್ಷ ಮಳೆ ಚೆನ್ನಾಗಿ ಬಂದಿತ್ತು. ಎಷ್ಟೋ ಕಾಲದ ಮೇಲೆ ಕೆರೆ ತುಂಬಿತು, ಎಲ್ಲರಿಗೂ ಸಂತೋಷ. ಚಳಿಗಾಲದ ಹಕ್ಕಿಗಳು ಬಂದಿಳಿದವು. ನವೆಂಬರ್ ಎರಡನೇ ವಾರದ ಹೊತ್ತಿಗೆ ದಂಡೆಯಲ್ಲಿ ಸತ್ತ ಹಕ್ಕಿಗಳು ಕಾಣತೊಡಗಿದವು. ಹತ್ತಿಪ್ಪತ್ತಲ್ಲ, ಸಾವಿರಗಟ್ಟಲೆ. ಸಲಿಕೆಕೊಕ್ಕಿನ ಬಾತು, ಗೊರವ, ಮೆಟ್ಟುಗಾಲು ಹಕ್ಕಿ. ನೀರು ವಿಷವಾಯಿತೇ, ಹಕ್ಕಿಜ್ವರವೇ ಅಂತ ನಾನಾ ಮಾತು. ಬರೇಲಿಯ ಪಶುವೈದ್ಯ ಸಂಶೋಧನಾ ಸಂಸ್ಥೆ ಪರೀಕ್ಷೆ ಮಾಡಿ ಬಾಟ್ಯುಲಿಸಂ ಅಂತ ಖಚಿತಪಡಿಸಿತು. ಅಧಿಕೃತ ಲೆಕ್ಕದಲ್ಲೇ ಹೂತ ಹಕ್ಕಿಗಳು 18,000ಕ್ಕೂ ಹೆಚ್ಚು.

ಬಾಟ್ಯುಲಿಸಂ ಹೇಗೆ ಕೆಲಸ ಮಾಡುತ್ತದೆ ನೋಡಿ. ಅದರ ಬ್ಯಾಕ್ಟೀರಿಯಾ ಕೆಸರಲ್ಲಿ ಮೊದಲಿಂದಲೂ ಮಲಗಿರುತ್ತದೆ. ಬೆಚ್ಚಗಿನ ನೀರು, ಆಮ್ಲಜನಕ ಇಲ್ಲದ ಕೆಸರು, ಕೊಳೆಯುವ ದೇಹ ಸಿಕ್ಕರೆ ಎದ್ದು ವಿಷ ಮಾಡುತ್ತದೆ. ಒಂದು ಹಕ್ಕಿ ಸಾಯುತ್ತದೆ. ಅದಕ್ಕೆ ನೊಣ ಮೊಟ್ಟೆ ಇಟ್ಟು ಸಾವಿರಾರು ಹುಳು ಆಗುತ್ತವೆ. ಹುಳುವಿಗೆ ಆ ವಿಷ ಏನೂ ಮಾಡುವುದಿಲ್ಲ, ಆದರೆ ಅದರ ಮೈಯಲ್ಲಿ ಸೇರಿರುತ್ತದೆ. ಇನ್ನೊಂದು ಹಕ್ಕಿ ಆ ಹುಳು ತಿನ್ನುತ್ತದೆ. ಕೆಲವೇ ಹುಳು ಸಾಕು. ಮೊದಲು ಕಾಲು, ರೆಕ್ಕೆ ಸೋಲುತ್ತದೆ, ಆಮೇಲೆ ಕತ್ತು. ತಲೆ ಎತ್ತಲಾಗದೆ ಅಂಗೈ ಆಳದ ನೀರಲ್ಲೇ ಮುಳುಗಿ ಸಾಯುತ್ತದೆ. ಪ್ರಜ್ಞೆ ಇರುತ್ತದೆ, ಮೈ ಮಾತು ಕೇಳುವುದಿಲ್ಲ. ಆಗ ಹೋದ ಸ್ವಯಂಸೇವಕರು ಕೆಸರಲ್ಲಿ ಸೊಂಟದವರೆಗೆ ಇಳಿದು ಬದುಕಿದ ಹಕ್ಕಿಗಳನ್ನು ಎತ್ತಿ ತಂದರು. ಕತ್ತಿಗೆ ಬಟ್ಟೆ ಸುತ್ತಿ ಆಧಾರ ಕೊಟ್ಟು ಹನಿ ಹನಿ ನೀರು ಕುಡಿಸಿದರು. ನೂರಾರು ಹಕ್ಕಿ ಬದುಕಿ ಹಾರಿಹೋದವು.

ಈ ರೋಗಕ್ಕೆ ಮುಖ್ಯ ಮದ್ದು ಒಂದೇ: ಸತ್ತ ಹಕ್ಕಿಯನ್ನು ಹುಳು ಬೀಳುವ ಮೊದಲೇ ತೆಗೆದು ಸುಡುವುದು ಅಥವಾ ಆಳವಾಗಿ ಹೂಳುವುದು. ಅಂದರೆ ಮೊದಲ ಹತ್ತು ಹಕ್ಕಿ ಸತ್ತಾಗಲೇ ಯಾರಾದರೂ ನೋಡಬೇಕಿತ್ತು. ಅಷ್ಟು ದೊಡ್ಡ ಕೆರೆಯ ಮೇಲೆ ದಿನಾ ಕಣ್ಣಿಟ್ಟವರು ಯಾರೂ ಇರಲಿಲ್ಲ. ರಾಮ್ಸಾರ್ ತಾಣ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶ, ಅಂತ 1990ರಲ್ಲೇ ಬೋರ್ಡ್ ಬಿದ್ದಿತ್ತು. 2024ರಲ್ಲಿ ಮತ್ತೆ ಹಕ್ಕಿಗಳು ಸತ್ತವು. ಆಗ ಸತ್ತದ್ದು ನೂರಾರು, ಸಾವಿರಾರಲ್ಲ.

ಯಾರೂ ಯಾಕೆ ನೋಡುತ್ತಿರಲಿಲ್ಲ? ಕಾಗದದಲ್ಲಿ ಅದಕ್ಕೆ ನೆಟ್ಟಗೆ ಒಂದು ಹೆಸರಿಲ್ಲ. 2017ರ ಜೌಗು ಪ್ರದೇಶ ನಿಯಮಗಳು ಉಪ್ಪು ತಯಾರಿಕೆಗೆಂದೇ ಮಾಡಿದ ನೀರಿನ ತಾಣಗಳನ್ನು ಜೌಗು ಪ್ರದೇಶದ ಲೆಕ್ಕದಿಂದ ಹೊರಗಿಟ್ಟಿವೆ. ರಾಮ್ಸಾರ್ ಒಪ್ಪಂದ ಮಾತ್ರ ಉಪ್ಪಿನ ಆಗರವನ್ನೂ ಜೌಗು ಪ್ರದೇಶ ಅಂತಲೇ ಎಣಿಸುತ್ತದೆ. ಹಕ್ಕಿಗೆ ಒಡ್ಡಿನ ಈಚೆ ಯಾವುದು, ಆಚೆ ಯಾವುದು ಅಂತ ಗೊತ್ತಿಲ್ಲ. ಮಳೆ ಕಡಿಮೆಯಾದ ವರ್ಷ ಕ್ಯಾರ್‌ಗಳಲ್ಲಿ ಮಾತ್ರ ನೀರು ಉಳಿಯುತ್ತದೆ, ಹಕ್ಕಿ ಅಲ್ಲೇ ಸೇರುತ್ತವೆ. ಖಾಲಿ ಬಿದ್ದಿದೆ ಅಂದುಕೊಂಡೇ 2013ರ ಸುಮಾರಿಗೆ ಆ ಜಾಗದಲ್ಲಿ 4,000 ಮೆಗಾವ್ಯಾಟ್‌ನ ಸೌರ ವಿದ್ಯುತ್ ಸ್ಥಾವರಕ್ಕೆ ಯೋಜನೆ ಹಾಕಿದ್ದರು. ಪರಿಸರದ ತಕರಾರು ಬಂದು ಅದು ಅಲ್ಲಿ ಆಗಲಿಲ್ಲ. ನನಗೆ ಸೌರ ವಿದ್ಯುತ್ತಿನ ಮೇಲೆ ಸಿಟ್ಟಿಲ್ಲ, ನಮ್ಮ ಮನೆ ಮೇಲೂ ಇದೆ. ಆದರೆ ಬಯಲು ಕಂಡಲ್ಲೆಲ್ಲ ಹಾಳುಬಿದ್ದ ನೆಲ ಅಂತ ಬರೆದುಕೊಳ್ಳುವ ಅಭ್ಯಾಸ ಬಿಡಬೇಕು.

ಮಾತು ಮುಗಿಸುವ ಹೊತ್ತಿಗೆ ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು: ಕಾಲುವೆಯಿಂದ ನೀರು ತಂದು ಸಾಂಭರ್ ತುಂಬಿಸಿದರೆ ಆಗದೇ? ಒಳ್ಳೆಯ ಪ್ರಶ್ನೆ. ಆಗದು ಅಂತಲೇ ನನ್ನ ಉತ್ತರ. ಸಣ್ಣ ರಣ್‌ನಲ್ಲಿ ಅದನ್ನು ನೋಡಿದ್ದೇವೆ. ನರ್ಮದಾ ಕಾಲುವೆಯ ಹೆಚ್ಚಾದ ನೀರು ಚಳಿಗಾಲದಲ್ಲಿ ರಣ್‌ಗೆ ನುಗ್ಗಿ ಅಗರಿಯಾಗಳ ಮಡಿ ಕರಗಿಹೋಗುವುದುಂಟು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಸಿಹಿನೀರು ಉಪ್ಪಿನ ಜೀವಗಳಿಗೆ ಪ್ರವಾಹವೇ. ಸಾಂಭರ್‌ಗೆ ಬೇಕಾದದ್ದು ಅದರದೇ ಹಳ್ಳಗಳ ನೀರು, ಮಳೆಗಾಲದಲ್ಲಿ. ಮೇಲಿನ ಒಡ್ಡುಗಳನ್ನೆಲ್ಲ ಒಡೆಯಿರಿ ಅಂತ ನಾನು ಹೇಳುತ್ತಿಲ್ಲ. ಒಳ್ಳೆ ಮಳೆಯಾದಾಗ ಒಂದು ಪಾಲು ಕೆಳಗೆ ಹೋಗಲು ತೂಬು ತೆರೆಯಬಹುದು. ನಮ್ಮ ಹಳೆಯ ಕೆರೆಗಳಲ್ಲಿ ಮೇಲಿನ ಕೆರೆ ಕೋಡಿ ಬಿದ್ದು ಕೆಳಗಿನ ಕೆರೆಗೆ ನೀರು ಹೋಗುತ್ತಿತ್ತಲ್ಲ, ಆ ಲೆಕ್ಕ. ಕೊನೆಯಲ್ಲಿ ಇರುವ ಉಪ್ಪುಕೆರೆಯೂ ಒಂದು ಕೆರೆ ಅಂತ ಆ ಲೆಕ್ಕದಲ್ಲಿ ಸೇರಬೇಕು, ಅಷ್ಟೇ.

ಇನ್ನೊಬ್ಬರು, ಕಾಲೇಜಿನ ಹುಡುಗಿ, ಇಲ್ಲಿ ಕೂತು ನಾವೇನು ಮಾಡಬಹುದು ಅಂದರು. ಆಲಮಟ್ಟಿ ಹಿನ್ನೀರು ಇಳಿದು ಕೆಸರು ತೆರೆದುಕೊಂಡಾಗ ನಿಮ್ಮಲ್ಲಿಗೂ ರಾಜಹಂಸ ಬರುತ್ತವೆ. ಎಲ್ಲಿಂದ ಬರುತ್ತವೆ ಅಂತ ಊಹೆ ಬೇಡ, ಎಣಿಸಿ. ಪ್ರತಿ ವಾರ ಒಂದೇ ದಿನ, ಒಂದೇ ಜಾಗದಿಂದ. ಬೆಳೆದ ಹಕ್ಕಿಗಳೆಷ್ಟು, ಬೂದು ಬಣ್ಣದ ಎಳೆಯವು ಎಷ್ಟು ಅಂತ ಬೇರೆ ಬೇರೆ ಬರೆದಿಡಿ. ಎಳೆಯವು ಹೆಚ್ಚಿದ್ದರೆ ಹಿಂದಿನ ಮಳೆಗಾಲದಲ್ಲಿ ಎಲ್ಲೋ ಒಂದು ಉಪ್ಪಿನ ಬಯಲಲ್ಲಿ ನೀರಿನ ಅಳತೆ ಕೂಡಿಬಂದಿತ್ತು ಅಂತ ತಿಳಿಯಬಹುದು. ಹತ್ತಿರ ಹೋಗಿ ಫೋಟೊ ತೆಗೆಯಲು ಎಬ್ಬಿಸಬೇಡಿ. ಸತ್ತ ಹಕ್ಕಿ ಒಂದು ಕಂಡರೂ ಅದೇ ದಿನ ಅರಣ್ಯ ಇಲಾಖೆಗೆ ಫೋನ್ ಮಾಡಿ. ಆ ಹುಡುಗಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಉಪ್ಪಿನ ಪೊಟ್ಟಣ ಅಷ್ಟು ಹೊತ್ತಿಗೆ ಕೊನೆಯ ಸಾಲು ಮುಟ್ಟಿತ್ತು. ಅಲ್ಲಿದ್ದ ಒಬ್ಬ ಅಜ್ಜಿ ಒಂದು ಹರಳು ಬಾಯಿಗೆ ಹಾಕಿಕೊಂಡು, ಬನಶಂಕರಿ ಪ್ರಸಾದ, ಅಂದರು.